ಹಿಂದಕ್ಕೇಕೆ ಕೊಟ್ಟೆ?

ಅಂಕಲಿಯಲ್ಲಿ ಕಬ್ಬಿನ ಪಡಕ್ಕೆ ಹತ್ತಿದ ಬಯಲೊಂದರಲ್ಲಿ ಹುಡುಗರು ಸಂಜೆಯ ಹೊತ್ತು ಕಾಲ್ಚೆಂಡು ಆಡುತ್ತಾರೆ. ಕಬ್ಬು ಇನ್ನೂ ಕಟಾವಿಗೆ ಬಂದಿರದ ದಿನಗಳಲ್ಲಿ ನಾನು ಅಲ್ಲಿ ಎರಡು ಸಂಜೆ ನಿಂತು ಆಟ ನೋಡಿದೆ. ಆ ಎರಡು ಸಂಜೆಗಳೇ ಈ ಬರಹಕ್ಕೆ ಕಾರಣ.

ಮೊದಲನೆಯ ಸಂಜೆ, ಗೋಲಿನ ಮುಂದೆ ಬ್ಯಾಕ್ ಆಗಿ ನಿಂತಿದ್ದವನು ಮೈಕಟ್ಟಿನ ಹುಡುಗ. ಚೆಂಡು ಅವನ ಕಾಲಿಗೆ ಬಂದ ಕೂಡಲೇ ಎದುರಿನ ಪಕ್ಷದ ಮೂವರು ಅವನ ಮೇಲೆ ಓಡಿ ಬಂದರು. ಸುತ್ತ ನಿಂತವರೆಲ್ಲ "ಏ, ಎತ್ತಿ ಹೊಡೀಲೇ!" ಎಂದು ಕೂಗಿದರು. ಅವನು ಎತ್ತಿ ಹೊಡೆದ. ಚೆಂಡು ಎಲ್ಲರ ತಲೆಯ ಮೇಲಿಂದ ಹಾರಿ ಕಬ್ಬಿನ ಪಡದೊಳಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ; ನಾನೂ ತಟ್ಟಿದೆ. ಚೆಂಡು ಹುಡುಕಿ ತರುವುದಕ್ಕೆ ಐದು ನಿಮಿಷ ಹಿಡಿಯಿತು. ಗೆರೆಯ ಹೊರಗೆ ಹೋದ ಚೆಂಡಾದ್ದರಿಂದ ಎಸೆತ ಎದುರಾಳಿಗಳದೇ. ಅವರು ಎಸೆದರು, ಎರಡು ಪಾಸು ಮಾಡಿದರು, ಚೆಂಡು ಮತ್ತೆ ಅದೇ ಹುಡುಗನ ಮುಂದೆ ಬಂದು ನಿಂತಿತು. ಮತ್ತೆ ಕಬ್ಬಿನ ಪಡ, ಮತ್ತೆ ಚಪ್ಪಾಳೆ. ಹೀಗೆ ನಾಲ್ಕೈದು ಸಲ ನಡೆದು, ಕತ್ತಲಾಗುವ ಹೊತ್ತಿಗೆ ಆ ಪಕ್ಷ ಎರಡು ಗೋಲುಗಳಿಂದ ಸೋತಿತು. ಆದರೂ "ಆ ಹುಡುಗ ಗಟ್ಟಿ ಅದಾನ" ಎಂಬ ಪ್ರಶಂಸೆ ಮನೆಯ ದಾರಿಯುದ್ದಕ್ಕೂ ಕಿವಿಗೆ ಬೀಳುತ್ತಿತ್ತು.

ಎರಡನೆಯ ಸಂಜೆ ಅದೇ ಜಾಗದಲ್ಲಿ ಬೇರೊಬ್ಬ ನಿಂತಿದ್ದ, ಸಣಕಲು ಹುಡುಗ. ಇವನ ಮೇಲೂ ಮೂವರು ಬಂದರು. ಇವನು ಎತ್ತಿ ಹೊಡೆಯಲಿಲ್ಲ. ಚೆಂಡನ್ನು ತನ್ನ ಗೋಲ್‌ಕೀಪರನಿಗೆ ಹಿಂದಕ್ಕೆ ಕೊಟ್ಟು, ಪಕ್ಕಕ್ಕೆ ಸರಿದು, ಮರಳಿ ಪಡೆದು, ನಡುವಿನಲ್ಲಿದ್ದ ತನ್ನವನಿಗೆ ನೀಡಿದ. ಆ ನಡುವಿನವನು ಎದುರಾಳಿಗಳಿಗೆ ಬೆನ್ನು ಕೊಟ್ಟು, ಕಂಬದಂತೆ ನಿಂತಿದ್ದ. ಹಿಂದಿನಿಂದ ಬಂದವನೊಬ್ಬ ಚೆಂಡನ್ನು ಕಸಿದುಕೊಂಡ, ಗೋಲಾಯಿತು. ಬೈಗಳು ಬಿದ್ದದ್ದು ಕಂಬದಂತೆ ನಿಂತವನಿಗಲ್ಲ, ಈ ಸಣಕಲು ಹುಡುಗನಿಗೆ. "ಹಿಂದಕ ಯಾಕ ಕೊಟ್ಟೀಲೇ?" ಎಂದು ಊರ ಹಿರಿಯರೊಬ್ಬರು ಬಯಲಿನೊಳಗೇ ಬಂದು ಕೇಳಿದರು. ಅರ್ಧ ಆಟದ ನಂತರ ಅವನನ್ನು ಶಿಕ್ಷೆಯೆಂಬಂತೆ ಗೋಲಿನಲ್ಲಿ ನಿಲ್ಲಿಸಿದರು.

ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಕಾಲ್ಚೆಂಡಿನಲ್ಲಿ ನನ್ನ ಅಧಿಕಾರ ನೋಡುಗನದಷ್ಟೇ. ಆದರೆ ಆ ಎರಡು ಸಂಜೆಗಳಲ್ಲಿ ನಡೆದದ್ದು ನೋಡುಗರ ರುಚಿಯ ಪ್ರಶ್ನೆ. ಯಾವುದನ್ನು ಮೆಚ್ಚಬೇಕು, ತಪ್ಪನ್ನು ಯಾರ ತಲೆಗೆ ಕಟ್ಟಬೇಕು ಎಂಬ ತೀರ್ಪಿನ ಪ್ರಶ್ನೆ. ಅದು ವಿಮರ್ಶೆಯ ಕ್ಷೇತ್ರವೇ ಆದ್ದರಿಂದ ಈ ಪುಟದಲ್ಲಿ ಅದನ್ನು ಎತ್ತಿಕೊಳ್ಳುವುದು ಅನುಚಿತವಾಗದು.

ಎದುರಾಳಿಗಳು ತಮ್ಮ ಗೋಲನ್ನು ಕಾದು ಕೂರದೆ, ಮುಂದೆ ನುಗ್ಗಿ ಚೆಂಡಿದ್ದವನನ್ನು ಅವನ ನೆಲದಲ್ಲೇ ಮುತ್ತುವ ಕ್ರಮಕ್ಕೆ ಆಟಗಾರರು 'ಪ್ರೆಸ್' ಎನ್ನುತ್ತಾರೆ. ನಮ್ಮ ಪತ್ರಿಕೆಗಳ ಆಟದ ಪುಟದಲ್ಲಿ ಇದಕ್ಕೆ 'ಒತ್ತಡ ಹೇರಿದರು' ಎಂದು ಬರೆಯುವುದು ರೂಢಿ. ಈ ಮಾತು ನನಗೆ ಒಪ್ಪಿಗೆಯಾಗಿಲ್ಲ. ಒತ್ತಡವೆಂಬುದು ಪರೀಕ್ಷೆಯ ಮುನ್ನಾದಿನ ವಿದ್ಯಾರ್ಥಿಗೂ ಇರುತ್ತದೆ, ಸಾಲಗಾರನಿಗೂ ಇರುತ್ತದೆ; ಯಾರು, ಎಲ್ಲಿಂದ, ಯಾವ ಗಳಿಗೆಯಲ್ಲಿ ಬಂದರು ಎಂಬುದನ್ನು ಆ ಪದ ಹೇಳುವುದಿಲ್ಲ. ನಮ್ಮ ಕಡೆಯವರಿಗೆ ತಿಳಿಯುವ ಹೋಲಿಕೆ ಕಬಡ್ಡಿಯ ಸರಪಳಿ. ಪಾಳಿ ಹಾಕುತ್ತ ಬಂದವನ ಮೇಲೆ ಕೈ ಕೈ ಹಿಡಿದು ನಿಂತವರು ಕೂಡಲೇ ಬೀಳುವುದಿಲ್ಲ. ಅವನು ಮೂಲೆಗೆ ಹೋಗಲಿ, ಬೆನ್ನು ತಿರುಗಿಸಲಿ, ಕಾಲು ಒಂದಿಷ್ಟು ಮುಂದೆ ಇಡಲಿ ಎಂದು ಕಾಯುತ್ತಾರೆ. ಪ್ರೆಸ್ ಮಾಡುವವರೂ ಹಾಗೆಯೇ ಸೂಚನೆಗಾಗಿ ಕಾಯುತ್ತಾರೆ. ಬ್ಯಾಕಿನವನು ಚೆಂಡನ್ನು ಸರಿಯಾಗಿ ನಿಲ್ಲಿಸದೆ ಹೋದಾಗ, ಮೆಲ್ಲಗಿನ ಪಾಸು ಹಿಂದಕ್ಕೆ ಹೋದಾಗ, ನಡುವಿನ ಆಟಗಾರ ತನ್ನ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಅಥವಾ ಚೆಂಡು ಪಕ್ಕದ ಗೆರೆಯ ಹತ್ತಿರದ ಬ್ಯಾಕಿಗೆ ಬಂದಾಗ ಸರಪಳಿ ಬೀಳುತ್ತದೆ. ಗೆರೆಯ ಹತ್ತಿರವಂತೂ ಅವರ ಕೆಲಸ ಅರ್ಧ ಮುಗಿದಂತೆ. ಆ ಗೆರೆಯೇ ಎಂದೂ ದಣಿಯದ ಮತ್ತೊಬ್ಬ ಎದುರಾಳಿ.

ಇದು ನಿನ್ನೆ ಮೊನ್ನೆಯ ಉಪಾಯವಲ್ಲ. 1960ರ ದಶಕದಲ್ಲಿ ಕೀವ್ ನಗರದ ಡೈನಮೊ ತಂಡಕ್ಕೆ ವಿಕ್ಟರ್ ಮಾಸ್ಲೊವ್ ಇದನ್ನು ಕಲಿಸಿದರು. 1974ರ ವಿಶ್ವಕಪ್ಪಿನ ಅಂತಿಮ ಪಂದ್ಯ ತಲುಪಿದ ರೀನಸ್ ಮಿಖೆಲ್ಸ್ ಅವರ ಹಾಲೆಂಡ್ ಪಕ್ಷ ಇದನ್ನು ಜಗತ್ತಿಗೆ ತೋರಿಸಿತು. ಆಮೇಲೆ ಮಿಲಾನಿನಲ್ಲಿ ಆರಿಗೊ ಸಾಕಿ, ಜರ್ಮನಿಯಲ್ಲಿ ಯುರ್ಗನ್ ಕ್ಲಾಪ್ ಇದನ್ನು ಬೆಳೆಸಿದರು. ಆದರೆ ಬ್ಯಾಕುಗಳ ಕಷ್ಟವನ್ನು ನಿಜವಾಗಿ ಹೆಚ್ಚಿಸಿದ್ದು ಒಂದು ನಿಯಮ. 1992ರ ತನಕ ಬ್ಯಾಕಿನವನು ಚೆಂಡನ್ನು ಹಿಂದಕ್ಕೆ ತಳ್ಳಿದರೆ ಗೋಲ್‌ಕೀಪರ್ ಕೈಯಲ್ಲಿ ಎತ್ತಿಕೊಂಡು ನಿರಾಳವಾಗಿ ನಿಲ್ಲಬಹುದಿತ್ತು. ಆ ವರ್ಷ ಅದು ನಿಷಿದ್ಧವಾಯಿತು. ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರನೂ ಕಾಲಿನಿಂದಲೇ ಆಡಬೇಕಾಯಿತು. 2019ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಗೋಲ್‌ಕಿಕ್ಕಿನ ಚೆಂಡು ಪೆನಾಲ್ಟಿ ಚೌಕದ ಹೊರಗೆ ಬರುವ ತನಕ ಕಾಯಬೇಕಾಗಿಲ್ಲ, ತನ್ನ ಪಕ್ಷದವನು ಚೌಕದೊಳಗೇ ಅದನ್ನು ಪಡೆಯಬಹುದು. ಹೀಗೆ ಒಂದು ನಿಯಮ ಅಡಗುವ ಮನೆಯನ್ನು ಕೆಡವಿತು, ಇನ್ನೊಂದು ಆ ಜಾಗದಲ್ಲಿ ಹೊಸ ಅಂಗಳವನ್ನು ತೆರೆಯಿತು. ಅಂಗಳದಲ್ಲಿ ಆಡಬೇಕಾದವರು ಬ್ಯಾಕುಗಳು, ಮತ್ತು ಅವರ ಮುಂದೆ ನಿಂತ ನಡುವಿನವರು.

ಈ ಮುತ್ತಿಗೆಯಿಂದ ಅವರು ಪಾರಾಗುವುದು ಹೇಗೆ? ಒಂದು ಲೆಕ್ಕದಿಂದ ಆರಂಭಿಸಬೇಕು. ಮುತ್ತುವ ಪಕ್ಷದ ಗೋಲ್‌ಕೀಪರ್ ಅಷ್ಟು ದೂರ ಓಡಿ ಬರುವುದಿಲ್ಲ. ಆದ್ದರಿಂದ ಅಲ್ಲಿ ಹತ್ತು ಮಂದಿ. ಇಲ್ಲಿಯ ಕೀಪರನೂ ಕಾಲಿನಿಂದ ಆಡುವವನಾದರೆ ಇಲ್ಲಿ ಹನ್ನೊಂದು. ಬಯಲಿನಲ್ಲಿ ಎಲ್ಲಿಯೋ ಒಬ್ಬ ಯಾವಾಗಲೂ ಬಿಡುವಾಗಿಯೇ ಇರುತ್ತಾನೆ. ಅವನು ಯಾರು, ಎಲ್ಲಿದ್ದಾನೆ ಎಂಬುದನ್ನು ಸಮಯ ಮೀರುವ ಮೊದಲು ಕಾಣುವುದರಲ್ಲಿಯೇ ಈ ಕಲೆಯೆಲ್ಲ ಅಡಗಿದೆ.

ಕಾಣಬೇಕಾದರೆ ಚೆಂಡು ಬರುವ ಮುನ್ನವೇ ನೋಡಿರಬೇಕು. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಪ್ರಾಧ್ಯಾಪಕರು ಇಂಗ್ಲೆಂಡಿನ ಹೆಸರಾಂತ ಆಟಗಾರರ ಚಿತ್ರಗಳನ್ನಿಟ್ಟುಕೊಂಡು, ಚೆಂಡು ಬರುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಅವರು ಎಷ್ಟು ಸಲ ಕತ್ತು ಹೊರಳಿಸಿ ನೋಡುತ್ತಾರೆಂದು ಎಣಿಸಿದರು. ಹೆಚ್ಚು ಸಲ ನೋಡುವವರ ಪಾಸುಗಳು ಹೆಚ್ಚಾಗಿ ಗುರಿ ಮುಟ್ಟುತ್ತವೆ ಎಂಬುದು ಅವರಿಗೆ ಕಂಡ ಸಂಗತಿ. ಪ್ರಾಧ್ಯಾಪಕರೊಬ್ಬರು ಕತ್ತಿನ ಹೊರಳಾಟವನ್ನು ಎಣಿಸುತ್ತ ಕೂರುವುದು ನಮ್ಮ ಕಾಲೇಜುಗಳಲ್ಲಿ ನಗೆಪಾಟಲಾಗುತ್ತಿತ್ತೇನೋ. ಛಂದಸ್ಸಿನಲ್ಲಿ ಮಾತ್ರೆ ಎಣಿಸುವ ನಾನಂತೂ ನಗಲಾರೆ. ನಮ್ಮ ಹುಡುಗರ ಕಣ್ಣು ಚೆಂಡಿಗೆ ಅಂಟಿರುತ್ತದೆ. ಚೆಂಡು ಕಾಲಿಗೆ ತಾಗಿದ ಮೇಲೆ ಅವರು ತಲೆ ಎತ್ತುತ್ತಾರೆ. ಅಷ್ಟರಲ್ಲಿ ಮೂವರು ಮುಂದೆ ನಿಂತಿರುತ್ತಾರೆ. ಗಾಬರಿ ಹುಟ್ಟುವುದು ಧೈರ್ಯದ ಕೊರತೆಯಿಂದಲ್ಲ, ಸುದ್ದಿಯ ಕೊರತೆಯಿಂದ.

ನೋಡಿದ ಮೇಲೆ ನಿಲ್ಲುವ ರೀತಿ. ಚೆಂಡು ಕೊಡುವವನಿಗೆ ಪೂರ್ತಿ ಎದುರಾಗಿ ನಿಂತರೆ ಬೆನ್ನ ಹಿಂದಿನ ಅರ್ಧ ಬಯಲು ಕತ್ತಲು. ಅರೆವಾಸಿ ತಿರುಗಿ, ಒಂದು ಭುಜ ತನ್ನ ಗೋಲಿಗೆ, ಇನ್ನೊಂದು ಎದುರಿನ ಗೋಲಿಗೆ ಇರುವಂತೆ ನಿಂತವನಿಗೆ ಎರಡೂ ಕಡೆ ಬೆಳಕು. ಅಂಥವನು ದೂರದ ಕಾಲಿನಿಂದ ಚೆಂಡನ್ನು ಪಡೆದರೆ, ನಿಲ್ಲಿಸುವ ಕ್ರಿಯೆಯಲ್ಲೇ ತಿರುಗುವ ಕ್ರಿಯೆಯೂ ಮುಗಿದಿರುತ್ತದೆ. ಓಡಿ ಬರುವವನ ವೇಗವೇ ಅವನಿಗೆ ಶತ್ರುವಾಗುತ್ತದೆ. ಒಂದು ಮೊಳ ಪಕ್ಕಕ್ಕೆ ಸರಿದ ಚೆಂಡನ್ನು ಅವನು ದಾಟಿ ಹೋಗುತ್ತಾನೆ.

ಇನ್ನು ಮೂರನೆಯವನ ಉಪಾಯ. ಜಾಣನಾದ ಎದುರಾಳಿ ನೇರ ಓಡಿ ಬರುವುದಿಲ್ಲ. ಬಾಗಿದ ದಾರಿಯಲ್ಲಿ ಬರುತ್ತಾನೆ. ತನ್ನ ಬೆನ್ನ ಹಿಂದಿರುವ ನಡುವಿನವನಿಗೆ ಪಾಸು ಹೋಗದಂತೆ ತನ್ನ ಮೈಯನ್ನೇ ಅಡ್ಡ ಹಿಡಿದು ಬರುತ್ತಾನೆ. ಆಗ ಬ್ಯಾಕಿನವನು ನೆರಳಿನಲ್ಲಿ ನಿಂತವನಿಗೆ ಕೊಡಲಾರ. ಬದಲಾಗಿ ಬೆಳಕಿನಲ್ಲಿರುವ ಇನ್ನೊಬ್ಬನಿಗೆ ಕೊಡುತ್ತಾನೆ. ಆ ಇನ್ನೊಬ್ಬ ಒಂದೇ ತಾಗಿಗೆ ಅದನ್ನು ನೆರಳಿನಲ್ಲಿದ್ದವನಿಗೆ ದಾಟಿಸುತ್ತಾನೆ. ಮೊದಲನೆಯವನಿಂದ ಮೂರನೆಯವನಿಗೆ ಇರದ ದಾರಿ ಎರಡನೆಯವನ ಮೂಲಕ ತೆರೆಯುತ್ತದೆ. ಹಿಂದಕ್ಕೆ ಕೊಡುವ ಪಾಸಿನ ಅರ್ಥವೂ ಇದೇ. ಎದುರಾಳಿಯನ್ನು ಇನ್ನಷ್ಟು ಮುಂದೆ ಎಳೆದು, ಅವನು ಬಿಟ್ಟು ಬಂದ ಜಾಗವನ್ನು ಬಳಸಿಕೊಳ್ಳುವುದಕ್ಕಾಗಿ ಅದು ಹಿಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಬ್ರೈಟನ್ ತಂಡದಲ್ಲಿ ಇಟಲಿಯ ರೋಬೆರ್ಟೊ ಡಿ ಜೆರ್ಬಿ ತಮ್ಮ ಬ್ಯಾಕುಗಳಿಗೆ ಚೆಂಡಿನ ಮೇಲೆ ಕಾಲಿಟ್ಟು ಸುಮ್ಮನೆ ನಿಲ್ಲಲು ಹೇಳಿಕೊಟ್ಟಿದ್ದರು. 'ಬಾ' ಎಂದು ಕರೆಯುವ ನಿಲುವು ಅದು. ಅಂಕಲಿಯ ಬಯಲಿನಲ್ಲಿ ಹಾಗೆ ನಿಂತ ಹುಡುಗನ ಗತಿ ಏನಾಗುತ್ತಿತ್ತೆಂದು ಊಹಿಸಿ ನಕ್ಕಿದ್ದೇನೆ.

ಮಾತಿಗಿಂತ ದೃಷ್ಟಾಂತ ಮೇಲು. 2011ರ ಮೇ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ಬಾರ್ಸಿಲೋನಾಕ್ಕೂ ಮ್ಯಾಂಚೆಸ್ಟರ್ ಯುನೈಟೆಡ್ಡಿಗೂ ಯುರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಆರಂಭದ ಹತ್ತು ನಿಮಿಷ ಮ್ಯಾಂಚೆಸ್ಟರಿನವರು ಮೇಲೇರಿ ಮುತ್ತಿದರು. ಬಾರ್ಸಿಲೋನಾದ ಬ್ಯಾಕುಗಳು ತಡವರಿಸಿದರು. ಈ ಹತ್ತು ನಿಮಿಷಗಳನ್ನು ಬಿಟ್ಟು ಗೋಲುಗಳನ್ನಷ್ಟೇ ನೋಡುವವನು ಆ ಪಂದ್ಯವನ್ನು ಓದಲಿಲ್ಲವೆಂದೇ ನನ್ನ ಅಭಿಪ್ರಾಯ. ಯಾರೂ ಎತ್ತಿ ಹೊಡೆದು ಕೈ ತೊಳೆದುಕೊಳ್ಳಲಿಲ್ಲ. ನಡುವಿನ ಬುಸ್ಕೆಟ್ಸ್ ಬ್ಯಾಕುಗಳ ಹತ್ತಿರಕ್ಕೆ ಇಳಿದ. ಚಾವಿ ಕತ್ತು ಹೊರಳಿಸುತ್ತಲೇ ಇದ್ದ. ಮುಂದಿನ ಸಾಲಿನ ಮೆಸ್ಸಿ ನಡುವಿಗೆ ಇಳಿದು ಬಂದ. ಅವನ ಬೆನ್ನು ಹತ್ತಿ ಬರಲು ಮ್ಯಾಂಚೆಸ್ಟರಿನ ಬ್ಯಾಕುಗಳು ಒಪ್ಪಲಿಲ್ಲ. ಹಾಗಾಗಿ ನಡುವಿನಲ್ಲಿ ಮ್ಯಾಂಚೆಸ್ಟರಿನ ಇಬ್ಬರಿಗೆ ಬಾರ್ಸಿಲೋನಾದ ಮೂವರು, ಕೆಲವೊಮ್ಮೆ ನಾಲ್ವರು. ಮುತ್ತುವವರು ಓಡಿದ್ದೇ ಬಂತು, ಚೆಂಡು ಇರುವಲ್ಲಿಗೆ ಅವರು ತಲುಪುವ ಹೊತ್ತಿಗೆ ಅದು ಬೇರೆಡೆಗೆ ಹೋಗಿರುತ್ತಿತ್ತು. 27ನೆಯ ನಿಮಿಷದಲ್ಲಿ ಚಾವಿ ಕೊಟ್ಟ ಚೆಂಡನ್ನು ಪೆಡ್ರೊ ಗೋಲಿಗೆ ಹೊಡೆದ. ಪಂದ್ಯ 3-1ರಿಂದ ಮುಗಿಯಿತು.

ಇದನ್ನು ನೋಡಿ 'ಅವರು ಅಂಥ ಆಟಗಾರರು, ಅವರಿಗೆ ಸಾಧ್ಯ' ಎನ್ನುವವರಿದ್ದಾರೆ. ಅವರು ಇನ್ನೊಂದು ರಾತ್ರಿಯನ್ನು ನೆನೆಯಬೇಕು. 2020ರ ಆಗಸ್ಟ್ 14ರಂದು ಲಿಸ್ಬನ್ನಿನಲ್ಲಿ ಇದೇ ಬಾರ್ಸಿಲೋನಾ ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದ ಎದುರು ಆಡಿತು. ಮೆಸ್ಸಿ ಇದ್ದ, ಬುಸ್ಕೆಟ್ಸ್ ಇದ್ದ, ಬ್ಯಾಕಿನಲ್ಲಿ ಪಿಕೆ ಇದ್ದ. ಮೂವರೂ ವೆಂಬ್ಲಿಯಲ್ಲಿ ಆಡಿದವರೇ. ಬಯರ್ನ್ ಮುತ್ತಿತು. 31 ನಿಮಿಷಗಳೊಳಗೆ 4-1, ಕೊನೆಗೆ 8-2. ಗೋಲ್‌ಕೀಪರನ ಪಾಸುಗಳು ಕೂಡ ಎದುರಾಳಿಗಳ ಕಾಲಿಗೇ ಹೋಗಿ ಬಿದ್ದವು. ಬುಸ್ಕೆಟ್ಸನ ಕಣ್ಣು ಆ ರಾತ್ರಿ ಕುರುಡಾಗಿತ್ತೇ? ಅವನಿಗೆ 32 ವರ್ಷ, ಉಳಿದಿಬ್ಬರಿಗೆ 33. ಕಾಲು ನಿಧಾನವಾಗಿದ್ದುದು ನಿಜ. ಆದರೆ ಅದಕ್ಕಿಂತ ಮುಖ್ಯವಾದುದು, ಅವನ ಸುತ್ತ ಇರಬೇಕಾದವರು ದೂರ ದೂರ ಇದ್ದರು. ಚೆಂಡು ಕೇಳಲು ಯಾರೂ ಇಳಿದು ಬರುತ್ತಿರಲಿಲ್ಲ. ನೋಡಿದರೂ ಕಾಣಲು ಅಲ್ಲಿ ಯಾರೂ ಇರಲಿಲ್ಲ.

ಅಂಕಲಿಯ ಸಣಕಲು ಹುಡುಗನನ್ನು ಆಟ ಮುಗಿದ ಮೇಲೆ ಹತ್ತಿರ ಕರೆದು, ನಾನೂ ಅದೇ ಪ್ರಶ್ನೆ ಕೇಳಿದ್ದೆ: "ಹಿಂದಕ ಯಾಕ ಕೊಟ್ಟಿ, ತಮ್ಮಾ?" ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಮುಂದ ಯಾರ ನಿಂತಿದ್ರು ಸರ?" ಎಂದ.

ಲಿಸ್ಬನ್ನಿನ ಪಂದ್ಯದ ಬಗ್ಗೆ ನಾನು ಓದಿದ ಹಲವು ಉದ್ದುದ್ದನೆಯ ಲೇಖನಗಳಿಗಿಂತ ಈ ಮಾತಿನಲ್ಲಿ ವಿಮರ್ಶೆ ಹೆಚ್ಚಿದೆ. ಮುತ್ತಿಗೆಯಿಂದ ಪಾರಾಗುವುದು ಒಬ್ಬನ ಗುಣವಲ್ಲ. ನಮ್ಮ ಆಲಂಕಾರಿಕರು ಔಚಿತ್ಯದ ಮಾತನ್ನಾಡುವಾಗ ಹೇಳಿದ್ದು ಇದನ್ನೇ: ಶಬ್ದ ತನ್ನಷ್ಟಕ್ಕೆ ಸುಂದರವೂ ಅಲ್ಲ, ಕುರೂಪವೂ ಅಲ್ಲ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅದರ ಬೆಲೆ. ಬ್ಯಾಕಿನವನ ಪಾಸೂ ಹಾಗೆಯೇ. ಪಡೆಯುವವನು ಎರಡು ಹೆಜ್ಜೆ ಸರಿದು ನಿಂತಿದ್ದರೆ ಅದು ಜಾಣ ಪಾಸು. ಕಂಬದಂತೆ ನಿಂತಿದ್ದರೆ ಅದೇ ಪಾಸು ದಡ್ಡತನ. ಚೆಂಡು ಕಳೆದುಕೊಂಡವನ ಹೆಸರನ್ನು ಪತ್ರಿಕೆ ಬರೆಯುತ್ತದೆ. ಕೇಳಲು ಬಾರದೆ ಉಳಿದ ಮೂವರ ಹೆಸರನ್ನು ಯಾರೂ ಬರೆಯುವುದಿಲ್ಲ.

ನಮ್ಮಲ್ಲಿ ಈ ತಿಳಿವಳಿಕೆ ಇರಲೇ ಇಲ್ಲವೆನ್ನುವಂತಿಲ್ಲ. ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದ ಸೈಯದ್ ಅಬ್ದುಲ್ ರಹೀಮರು, ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ಓಡಕೂಡದೆಂಬ ನಿಯಮದ ಪಂದ್ಯಾವಳಿಗಳನ್ನೇ ಏರ್ಪಡಿಸಿದ್ದರು. ಬಲ ಕಡಿಮೆಯಿರುವ ಕಾಲಿನಿಂದ ಆಡಬೇಕೆಂಬ ಪಂದ್ಯಾವಳಿಗಳನ್ನೂ. ಬಂದ ಚೆಂಡನ್ನು ಬಂದ ಹಾಗೆಯೇ ದಾಟಿಸಲು ಕಲಿಸುವ ಪಾಠ ಅದು. ಅವರ ಶಿಕ್ಷಣದಲ್ಲಿ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು, 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. ಮರುವರ್ಷವೇ ಅವರು ತೀರಿಕೊಂಡರು, ಪಾಠ ಮುಂದುವರಿಯಲಿಲ್ಲ. ನಮ್ಮ ನೆನಪಿನಲ್ಲಿ ಉಳಿದವರು ಬೇರೆಯವರು. ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚ ಪಾಂಡವ'ರಲ್ಲಿ ಒಬ್ಬರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿದಾಗ ಆ ಒಂದನ್ನು ಹೊಡೆದವರು ಅವರೇ. ಆ ಒಂದು ಗೋಲನ್ನು ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ಹತ್ತು ಗೋಲುಗಳು ಹೇಗೆ ಆದುವೆಂದು ಕೇಳುವವರು ಕಡಿಮೆ. ಮುಂದೆ ನಿಂತವನ ಚಮತ್ಕಾರವನ್ನು ಹಾಡುವುದು, ಹಿಂದೆ ನಿಂತವನನ್ನು ಬೈಯಲು ಮಾತ್ರ ನೆನೆಯುವುದು ನಮ್ಮ ಹಳೆಯ ಅಭ್ಯಾಸ.

ನಮ್ಮ ಕಾಲಕ್ಕೆ ಬಂದರೆ, 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ತಂಡಕ್ಕೆ 2016ರಲ್ಲಿ ಆಲ್ಬರ್ಟ್ ರೋಕಾ ಶಿಕ್ಷಕರಾಗಿ ಬಂದರು. ಅವರ ನಂತರ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್. ಇಬ್ಬರೂ ಬಾರ್ಸಿಲೋನಾದ ಗರಡಿಯಿಂದ ಬಂದವರು. 2016ರಲ್ಲಿ ತಂಡ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿತು. 2019ರ ಮಾರ್ಚಿನಲ್ಲಿ ಗೋವಾ ತಂಡವನ್ನು ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ಹಿಂದಿನಿಂದ ಕಟ್ಟಿಕೊಂಡು ಬರುವ ಆಟವನ್ನು ಕನ್ನಡಿಗರು ಕಂಡದ್ದು ಆಗ. ಸಂತೋಷದ ಸಂಗತಿಯೇ. ಆದರೆ ಆ ವರ್ಷಗಳಲ್ಲಿ ನಡುವಿನ ಸೂತ್ರ ಬಹುಮಟ್ಟಿಗೆ ಸ್ಪೇನಿನ ದಿಮಾಸ್ ದೆಲ್ಗಾದೊ ಮತ್ತು ಆಸ್ಟ್ರೇಲಿಯದ ಎರಿಕ್ ಪಾರ್ಟಾಲು ಅವರ ಕಾಲಿನಲ್ಲಿತ್ತು. ಇದು ಒಂದು ತಂಡದ ದೋಷವಲ್ಲ. ಆ ಲೀಗಿನ ಹೆಚ್ಚಿನ ತಂಡಗಳು ಬೆನ್ನೆಲುಬಿನ ಜಾಗಗಳಿಗೆ ಹೊರದೇಶದವರನ್ನು ತಂದು, ನಮ್ಮ ಹುಡುಗರನ್ನು ಪಕ್ಕದ ಗೆರೆಗಳ ಮೇಲೆ ನಿಲ್ಲಿಸಿದವು. ಮುತ್ತಿಗೆಯ ನಡುವೆ ಚೆಂಡು ಪಡೆಯುವ ಕೆಲಸವನ್ನೇ ಗುತ್ತಿಗೆ ಕೊಟ್ಟಂತಾಯಿತು. ರಾಷ್ಟ್ರದ ತಂಡದಲ್ಲಿ ಆ ಗುತ್ತಿಗೆದಾರರು ಇರುವುದಿಲ್ಲ.

2019ರ ಸೆಪ್ಟೆಂಬರಿನಲ್ಲಿ ದೋಹಾದಲ್ಲಿ ಆಗಿನ ಏಷ್ಯಾ ಚಾಂಪಿಯನ್ ಕತಾರಿನ ಎದುರು ಭಾರತ 0-0 ಸಮ ಮಾಡಿಕೊಂಡಿತು. ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಗೋಡೆಯಂತೆ ನಿಂತರು. ಆ ರಾತ್ರಿಯ ಸಂಭ್ರಮದಲ್ಲಿ ನಾನೂ ಪಾಲುಗೊಂಡವನೇ. ಆದರೆ ತಡೆಯುವುದು ಬೇರೆ, ಬಿಡಿಸಿಕೊಳ್ಳುವುದು ಬೇರೆ. ತಡೆದು ಗೆದ್ದ ಚೆಂಡು ನಮ್ಮವರ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 2024ರ ಜನವರಿಯಲ್ಲಿ ಅದೇ ಕತಾರಿನಲ್ಲಿ ನಡೆದ ಏಷ್ಯನ್ ಕಪ್ಪಿನಲ್ಲಿ ಆಸ್ಟ್ರೇಲಿಯ, ಉಜ್ಬೇಕಿಸ್ತಾನ, ಸಿರಿಯಾಗಳೆದುರು ಮೂರೂ ಪಂದ್ಯ ಸೋತು, ಒಂದೂ ಗೋಲಿಲ್ಲದೆ ಮರಳಿದೆವು.

ಎತ್ತಿ ಹೊಡೆಯುವುದೆಲ್ಲ ತಪ್ಪೆಂದು ನನ್ನ ವಾದವಲ್ಲ. ಎರೆಭೂಮಿಯ ಬಯಲು ಮಳೆಗಾಲದಲ್ಲಿ ಹೇಗಿರುತ್ತದೆಂದು ಕೃಷ್ಣೆಯ ದಂಡೆಯವರಿಗೆ ಹೇಳಬೇಕಾಗಿಲ್ಲ; ಅಲ್ಲಿ ನೆಲದ ಮೇಲಿನ ಪಾಸು ಎರಡು ಮಾರು ಹೋಗಿ ಹೂತುಕೊಳ್ಳುತ್ತದೆ. ಎದುರಾಳಿಗಳೆಲ್ಲ ಮೇಲೇರಿ ಬಂದಾಗ ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ, ಓಡುವ ತನ್ನವನನ್ನು ನೋಡಿ ಎತ್ತಿ ಹೊಡೆದರೆ ಅದೂ ಪಾಸೇ, ಒಳ್ಳೆಯ ಪಾಸೇ. ಆ ಮೈಕಟ್ಟಿನ ಹುಡುಗನ ಹೊಡೆತಕ್ಕೆ ವಿಳಾಸವಿರಲಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ. ಕಬ್ಬಿನ ಪಡದಲ್ಲಿ ಅವನ ಕಡೆಯವರು ಯಾರೂ ಆಡುತ್ತಿರಲಿಲ್ಲ.

ನನಗೆ ಸೋಜಿಗವಾಗುವುದು ನಮ್ಮ ನೋಡುಗರ ಬಗ್ಗೆ. ಇದೇ ಜನ ಕುಸ್ತಿಯ ಕಣದಲ್ಲಿ ಎಂಥ ರಸಿಕರು! ಕೆಳಗೆ ಬಿದ್ದ ಪೈಲವಾನನನ್ನು ಅಲ್ಲಿ ಯಾರೂ ಹೀಯಾಳಿಸುವುದಿಲ್ಲ. ಬೆನ್ನು ಮಣ್ಣಿಗೆ ಹತ್ತುವ ತನಕ ಅವನು ಸೋತಿಲ್ಲವೆಂದು ಎಲ್ಲರಿಗೂ ಗೊತ್ತು. ಮೇಲಿನವನ ಭಾರವನ್ನೇ ಬಳಸಿಕೊಂಡು ಕೆಳಗಿನವನು ಹೊರಳಿ ಎದ್ದಾಗ ಬೀಳುವ ಚಪ್ಪಾಳೆ ಮೊದಲ ಪಟ್ಟಿಗೆ ಬೀಳುವುದಕ್ಕಿಂತ ದೊಡ್ಡದು. ಗಡಿಯಾಚೆಯ ಕೊಲ್ಹಾಪುರದಲ್ಲಿ ಕಾಲ್ಚೆಂಡಿನ ತಂಡಗಳ ಹೆಸರೇ ತಾಲೀಮುಗಳದು: ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು. ಖಾಸಬಾಗ ಮೈದಾನದಲ್ಲಿ ಕುಸ್ತಿ ನೋಡಿದವರೇ ಶಾಹು ಕ್ರೀಡಾಂಗಣದಲ್ಲಿ ಚೆಂಡಾಟಕ್ಕೂ ಕೂರುತ್ತಾರೆ. ಚಿಕ್ಕೋಡಿ, ನಿಪ್ಪಾಣಿಗಳ ಕಡೆಯಿಂದಲೂ ಹೋಗಿ ನೋಡುವವರುಂಟು. ಪೈಲವಾನನಿಗೆ ಕೊಡುವ ಆ ತಾಳ್ಮೆಯಲ್ಲಿ ಮೂರು ಸೆಕೆಂಡನ್ನು ಬ್ಯಾಕಿನವನಿಗೆ ಏಕೆ ಕೊಡಲಾರೆವು? ಚೆಂಡಿನ ಮೇಲೆ ಕಾಲಿಟ್ಟು ನಿಂತ ಹುಡುಗ ಆ ಮೂರು ಸೆಕೆಂಡುಗಳಲ್ಲಿ ಕೆಳಗೆ ಬಿದ್ದ ಪೈಲವಾನನೇ. ನಮ್ಮ ಕೂಗು ಅವನ ಕಿವಿಗೆ ಎದುರಾಳಿಗಿಂತ ಮೊದಲೇ ತಲುಪುತ್ತದೆ. ಹತ್ತು ಸಲ ಹಾಗೆ ಕೂಗಿಸಿಕೊಂಡ ಮೇಲೆ ಹನ್ನೊಂದನೆಯ ಸಲ ಅವನು ನೋಡುವುದನ್ನೇ ಬಿಡುತ್ತಾನೆ.

ಸಣಕಲು ಹುಡುಗ ಈಗಲೂ ಗೋಲಿನಲ್ಲಿಯೇ ನಿಲ್ಲುತ್ತಾನೆ. ಮೊನ್ನೆ ಆ ಹಿರಿಯರು ಸಿಕ್ಕಾಗ, ಅವನನ್ನು ಒಮ್ಮೆ ನಡುವಿನಲ್ಲಿ ಆಡಿಸಿ ನೋಡಬಾರದೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಾಸ್ತರ, ಗೋಲಿನ್ಯಾಗ ನಿಂತ ಮ್ಯಾಲೆ ಆ ಪೋರ ಚೆಂಡ ಕೈಯಾಗ ಹಿಡಿಯೂದ ಕಮ್ಮಿ, ಕಾಲಾಗ ಆಡೂದ ಹೆಚ್ಚ ಮಾಡ್ಯಾನ" ಎಂದು ದೂರಿದರು. ನಾನು ಸುಮ್ಮನೆ ನಕ್ಕೆ. ಬರುವ ಆಯಿತವಾರ ಮಾಂಜರಿಯ ಹುಡುಗರ ಜೊತೆ ಪಂದ್ಯವಿದೆಯಂತೆ. ಮಳೆ ಬಾರದಿದ್ದರೆ ಹೋಗುವವನಿದ್ದೇನೆ.